ಕೇಬಲ್ಲಿಗೆ ಕೇಳಿಸಿದ ಹೆಜ್ಜೆ

ಅಣೆಕಟ್ಟಿನ ಎಚ್ಚರಿಕೆ ಕಚೇರಿಯಲ್ಲಿ ಆಕೆಗೆ ತಟ್ಟೆಯಮ್ಮ ಎಂದೇ ಹೆಸರು ಬಿದ್ದಿತ್ತು. ಚಾವಣಿಯ ಮೇಲೆ ಉಪಗ್ರಹದ ಡಿಶ್ ಕೂರಿಸಿದವಳು ಅವಳೇ. ಹೆಸರಿಟ್ಟವನು ಅವಳ ಅಕ್ಕನ ಗಂಡ, ಅಲ್ಲೇ ಫೈಬರ್ ಕೇಬಲ್ ಜೋಡಿಸುವವನು. ನದಿಯುದ್ದಕ್ಕೂ ಇದ್ದ ಸೈರನ್‌ಗಳಿಗೆ ಸುದ್ದಿ ಮುಟ್ಟಿಸುತ್ತಿದ್ದುದು ಅವನ ಕೇಬಲ್; ಅದು ತುಂಡಾದರೆ ಇರಲಿ ಎಂದು ಇವಳ ಡಿಶ್. ಯಾವುದು ಗಟ್ಟಿ ಎಂಬ ಜಗಳ ಊಟಕ್ಕೆ ಕೂತಾಗಲೂ ಬಿಡುತ್ತಿರಲಿಲ್ಲ.

“ಜೋರು ಮಳೆ ಬಂದ್ರೆ ನಿನ್ನ ತಟ್ಟೆ ಮುಖ ಊದಿಸ್ಕೊಂಡು ಕೂರುತ್ತೆ,” ಎನ್ನುತ್ತಿದ್ದ ಭಾವ.

“ಗುಡ್ಡ ಮೈ ಕೊಡವಿದ್ರೆ ನಿಮ್ಮ ದಾರ ಹರಿಯುತ್ತೆ. ಆಕಾಶ ಕುಸಿದಿದ್ದನ್ನ ಯಾರಾದ್ರೂ ನೋಡಿದ್ದಾರಾ ಭಾವ?”

ಕೇಬಲ್ಲಿಗೆ ಒಂದು ಹೆಚ್ಚಿನ ಗುಣವಿತ್ತು. ಅದು ಹಾದುಹೋದ ಕಡೆಯೆಲ್ಲ ನೆಲದ ನಡುಕ ಅದಕ್ಕೆ ತಿಳಿಯುತ್ತಿತ್ತು. ಕಚೇರಿಯಲ್ಲಿ ಅದರ ತುದಿಗೆ ಹಚ್ಚಿದ ಪೆಟ್ಟಿಗೆ ಅದನ್ನು ಪರದೆಯ ಮೇಲೆ ಚುಕ್ಕಿಯಾಗಿ ತೋರಿಸುತ್ತಿತ್ತು. ಮನುಷ್ಯ ನಡೆದರೆ ಸಾಲು ಚುಕ್ಕಿ.

ಒಂದು ಬೆಳಿಗ್ಗೆ ಭಾವ ಗುಡ್ಡದಡಿಯ ಹಳೆಯ ಸುರಂಗಕ್ಕೆ, ಕೇಬಲ್ಲಿನ ಜೋಡಣೆಯೊಂದನ್ನು ನೋಡಲು ಹೋದ. ಆಕೆ ಪರದೆಯ ಮುಂದೆ ಕೂತು ಅವನ ಹೆಜ್ಜೆಗಳನ್ನು ಗಮನಿಸುತ್ತಿದ್ದಳು. ಅವನ ಸಾಲಿನ ಹಿಂದೆ, ಸ್ವಲ್ಪ ದೂರದಲ್ಲಿ, ಇನ್ನೊಂದು ಸಾಲು ಮೂಡಿತು. ಭಾವ ನಿಂತ. ಹಿಂದಿನದು ಇನ್ನೊಂದು ಹೆಜ್ಜೆ ಇಟ್ಟು ತಾನೂ ನಿಂತಿತು.

ಸುರಂಗದ ಗೋಡೆಯ ಫೋನಿನಿಂದ ಅವನ ಕರೆ ಬಂತು. “ಜೋಡಣೆ ಹತ್ರ ಬಂದೆ ಕಣೇ.”

“ನಿಮ್ಮ ಜೊತೆ ಯಾರಾದ್ರೂ ಬಂದಿದ್ದಾರಾ?”

“ಈ ಬಿಲಕ್ಕೆ ನನ್ನಂಥ ಬುದ್ಧಿವಂತ ಇನ್ಯಾರಿದ್ದಾನೆ? ಇರು, ಇಕ್ಕಳ ಗೇಟ್ ಹತ್ರಾನೇ ಬಿಟ್ಟು ಬಂದಿದೀನಿ. ತರ್ತೀನಿ.”

“ಬೇಡ. ಹಿಂದೆ ತಿರುಗ್ಬೇಡಿ ಭಾವ. ಆಚೆ ಬದಿಯಿಂದಲೇ ಹೊರಗೆ ಹೋಗಿಬಿಡಿ.”

ಫ್ರಾಕು ತೊಟ್ಟ ಕಾಲದಿಂದ ಅವಳನ್ನು ಬಲ್ಲವನು. ಯಾಕೆ ಎಂದು ಕೇಳದೆ ಫೋನಿಟ್ಟ. ಅವನ ಚುಕ್ಕಿಗಳು ದಾಪುಗಾಲಿಟ್ಟು ದೂರವಾದವು. ಹಿಂದಿನದು ಫೋನಿನ ಕಡೆಗೆ ಎರಡು ಹೆಜ್ಜೆ ಬಂದಿತ್ತಷ್ಟೆ, ಪರದೆಯೆಲ್ಲ ಬೆಳ್ಳಗಾಯಿತು. ಕಿಟಕಿಯ ಗಾಜು ಗಡಗಡ ಎಂದಿತು. ಸುರಂಗದ ಸೂರು ಕುಸಿದಿತ್ತು, ಫೋನಿದ್ದ ಜಾಗದಲ್ಲೇ.

ಕಚೇರಿಯ ಫಲಕದಲ್ಲಿ ಸೈರನ್‌ಗಳ ಹಸಿರು ದೀಪ ಒಂದೂ ಆರಲಿಲ್ಲ. ಡಿಶ್ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ವಹಿಸಿಕೊಂಡಿತ್ತು. ಆಕೆಗೆ ಅದರ ಕಡೆ ಗಮನವೇ ಇರಲಿಲ್ಲ. ಆಚೆ ಬದಿಯ ಸೈರನ್ ಗೂಡಿನಿಂದ ಭಾವನ ದನಿ ಬಂದ ಮೇಲೆಯೇ ಉಸಿರು ಬಿಟ್ಟಳು.

ಕೇಬಲ್ ತುಂಡಾಗಿದ್ದರೂ ಈಚೆಗಿನ ಭಾಗಕ್ಕೆ ಇನ್ನೂ ಜೀವವಿತ್ತು. ಮರುದಿನ ಭಾವ ಕಚೇರಿಗೆ ಬಂದು ಪರದೆ ನೋಡಿದಾಗ ಬಿದ್ದ ಕಲ್ಲುಗಳ ಪಕ್ಕದಲ್ಲಿ ಚುಕ್ಕಿಗಳು ಅತ್ತಿಂದಿತ್ತ ಓಡಾಡುತ್ತಿದ್ದವು.

“ನಾನು ಇದೇ ದಾರೀಲಿ ವಾಪಸ್ ಬರ್ತೀನಿ ಅಂತ ಕಾಯ್ತಾ ಇರಬೇಕು,” ಎಂದ. ಎದ್ದು ನಿಂತ. “ಹೋಗಿ ಅದಕ್ಕೆ ಹೇಳಿ ಬರ್ತೀನಿ.”

“ಹುಚ್ಚಾ ನಿಮಗೆ?”

ಮಟಮಟ ಮಧ್ಯಾಹ್ನ ಅವನು ಸುರಂಗದ ಈಚೆ ಬಾಯಲ್ಲಿ ಗೇಟ್ ತೆಗೆದು ನಿಂತಿದ್ದ. ಆಕೆ ಕಚೇರಿಯಿಂದ ಮೊಬೈಲಿನಲ್ಲಿ ಅವನೊಡನೆ ಇದ್ದಳು. ಕೇಬಲ್ ಹೋದ ಮೇಲೆ ಮೊಬೈಲಿನ ಮಾತೂ ಇವಳ ಡಿಶ್ ಹಿಡಿದು ಆಕಾಶ ಸುತ್ತಿಯೇ ಬರಬೇಕಿತ್ತು, ತಡವಾಗಿ.

“ನಾನು ಆಚೆಯಿಂದ ಬಂದುಬಿಟ್ಟೆ,” ಅವನು ಕತ್ತಲಿಗೆ ಹೇಳುವುದು ಕೇಳಿಸಿತು. “ಕಾಯ್ಬೇಡ.”

ಪರದೆಯ ಮೇಲೆ ಓಡಾಟ ನಿಂತಿತು. ಆಮೇಲೆ ಚುಕ್ಕಿಗಳು ಬಾಯಿಯ ಕಡೆಗೆ ಹೊರಟವು, ಮೊದಲು ನಿಧಾನವಾಗಿ, ಆಮೇಲೆ ಓಡುತ್ತ.

“ಗೇಟ್ ಹಾಕಿ ಭಾವ.”

ಅವಳ ಮಾತು ಇನ್ನೂ ಮೇಲೆಲ್ಲೋ ಇತ್ತು. ಅವನು “ಕಾಯ್ಬೇಡ” ಎಂದು ಮತ್ತೆ ಹೇಳುತ್ತಿದ್ದ. ಚುಕ್ಕಿಗಳು ಗೇಟನ್ನು ಮುಟ್ಟಿ ನಿಂತವು. ಆಮೇಲೆ ಕಬ್ಬಿಣ ಬಡಿದ ಸದ್ದು ಕೇಳಿಸಿತು. ಯಾವುದು ಮೊದಲಾಯಿತೋ ಆಕೆಗೆ ತಿಳಿಯಲಿಲ್ಲ.

“ಹಾಕ್ದೆ,” ಎಂದಿತು ಭಾವನ ದನಿ.

ಕಚೇರಿಯ ಅಂಗಳದಡಿಯ ಕೇಬಲ್ಲಿನಲ್ಲಿ ಹಿಂತಿರುಗಿ ಬಂದದ್ದು ಒಬ್ಬನದೇ ಹೆಜ್ಜೆ. ಎರಡು ಸಲ ನೋಡಿಕೊಂಡಳು.

ವಾರ ಕಳೆದು ಹಳೆಯ ಕೇಬಲ್ ಕಿತ್ತುಹಾಕಿ ಎಂದು ಸಾಹೇಬರು ಹೇಳಿದರು. ಡಿಶ್ ಇರುವಾಗ ಆ ತುಂಡು ಯಾತಕ್ಕೆ? ಆಕೆ ಪೆಟ್ಟಿಗೆಯ ಹಿಂದಕ್ಕೆ ಕೈ ಹಾಕಿದಳು.

“ಗಟ್ಟಿ ನಿನ್ನದೇ, ಒಪ್ಕೊಂಡೆ,” ಎಂದ ಭಾವ. ಅವನು ಅವಳ ಮುಖ ನೋಡಲಿಲ್ಲ. “ಆದ್ರೆ ಕೀಳಬೇಡ ಕಣೇ. ಕಿತ್ತರೆ ಅದು ಎಲ್ಲಿದೆ ಅಂತ ನಮಗೆ ಗೊತ್ತಾಗೋದು ಹೇಗೆ?”

ಆಕೆ ಕೈ ಹಿಂದೆಗೆದಳು. ಸಾಹೇಬರಿಗೆ ಇಬ್ಬರೂ ಕಿತ್ತಾಯಿತು ಎಂದೇ ಹೇಳಿದರು. ಗೇಟಿನ ಒಳಬದಿಯಲ್ಲಿ ಆಗೊಮ್ಮೆ ಈಗೊಮ್ಮೆ, ನಿಂತು ಕಾಲು ಸೋತವರು ಭಾರ ಬದಲಿಸಿದಂತೆ, ಚುಕ್ಕಿಯೊಂದು ಮೂಡಿ ಆರುತ್ತದೆ.