ಮರೆವ್ವ ತುಂಬಿಟ್ಟ ನೀರು

ಗಿರಿಮಲ್ಲಪ್ಪ ಅಡುಗೆಮನೆಯ ಮೂಲೆಯಲ್ಲಿದ್ದ ಚಹಾದ ಕಿಟ್ಲಿಯ ಮುಚ್ಚಳ ತೆಗೆದು ಇಣುಕಿದರು. ಅದರಲ್ಲೂ ನೀರಿತ್ತು.

ಹಿತ್ತಲಿನ ಬ್ಯಾರಲ್‌ಗಳು, ಬಚ್ಚಲಿನ ಹಂಡೆ, ಗೋಡೆಗುಂಟ ಕೊಡಗಳ ಸಾಲು, ಮಂಚದ ಕೆಳಗಿನ ಬಾಟ್ಲಿಗಳು, ಎಲ್ಲವನ್ನೂ ಅವರು ನೋಡಿ ಬಂದಿದ್ದರು. ಇಷ್ಟನ್ನೂ ತುಂಬಿಟ್ಟು ಅವರ ಅತ್ತಿಗೆ ಮರೆವ್ವ ಅವತ್ತು ನಸುಕಿನಲ್ಲಿ ತೀರಿಕೊಂಡಿದ್ದಳು. ಈಗ ಹೆಣ ಕೂಡಿಸುವ ರೂಢಿಯಂತೆ ಪಡಸಾಲೆಯ ಗೋಡೆಗೆ ಆತು ಕೂತಿದ್ದಳು, ಕೊರಳಲ್ಲಿ ಹೂವಿನ ಮಾಲೆ ಹಾಕಿಸಿಕೊಂಡು.

"ಸುವರ್ಣಾ, ಹೆಣಾ ಎತ್ತಿದ ಮ್ಯಾಲ ಮನ್ಯಾಗ ಒಂದು ಹನಿ ನೀರು ಇರಬಾರದು. ಎಲ್ಲಾ ಗಟಾರಕ್ಕ ಚೆಲ್ಲು" ಎಂದರು.

ಸಾವಾದ ಮನೆಯಲ್ಲಿ ತುಂಬಿಟ್ಟಿದ್ದ ನೀರಿಗೆ ಸೂತಕ. ಅದನ್ನು ಚೆಲ್ಲಬೇಕು. ಮಣ್ಣಿಗೆ ಹೋದವರು ಬಂದು ಬೇರೆ ನೀರಲ್ಲಿ ಮೈ ತೊಳೆದು, ಒಳಗೆ ಹಚ್ಚಿಟ್ಟ ದೀಪ ನೋಡಿ ಮನೆಗೆ ಹೋಗಬೇಕು. ಇದು ಆ ಮನೆತನದ ಪದ್ಧತಿ. ಗಿರಿಮಲ್ಲಪ್ಪ ಜಮಖಂಡಿಯ ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು, ಅವರ ಬಾಯಿಂದ ಮಾತೂ ತೀರ್ಪಿನ ಹಾಗೇ ಬರುತ್ತಿತ್ತು. ಆದರೆ ಎಲ್ಲೋ ಪೈಪು ಒಡೆದು ಬನಹಟ್ಟಿಯ ಆ ಓಣಿಗೆ ವಾರ ದಾಟಿದರೂ ನಳ ಬಂದಿರಲಿಲ್ಲ. ಟ್ಯಾಂಕರಿನವನಿಗೆ ಫೋನು ಮಾಡಿದರೆ ನಾಳೆ ಎಂದಿದ್ದ.

ಸುವರ್ಣಾ ಮರೆವ್ವನ ಸೊಸೆ. ಅತ್ತೆ ನೀರು ತುಂಬುವುದನ್ನು ನೋಡಿ ನೋಡಿ, ಇಷ್ಟು ಯಾರಿಗೆ ಬೇಕು ಎಂದು ಬೈದವಳೂ ಅವಳೇ. ಈಗ ಕೊಡದ ಕಂಠ ಹಿಡಿದು ನಿಂತಳು.

"ಗಟಾರಕ್ಕ ಚೆಲ್ಲಂಗಿಲ್ಲರಿ ಮಾವಾರ. ಮೊಣಕಾಲು ಹಿಡಕೊಂಡು ತುಂಬ್ಯಾಳ. ಆಕಿ ಮಣ್ಣಾಗ, ಆಕಿ ನೀರು ಗಟಾರದಾಗ, ಎರಡೂ ಒಂದ ದಿನ ನನ್ನ ಕೈಲೆ ಆಗಂಗಿಲ್ಲ."

"ಹಂಗಾದ್ರ ನಾ ತಿರುಗಿ ಬಂದು ಹೊಸ್ತಿಲಾ ದಾಟಂಗಿಲ್ಲ. ಹಿರ್ಯಾರಿಲ್ಲದ ದೀಪಾ ಹಚ್ಚಿಕೋರಿ."

ಅವಳ ಗಂಡ ಮುತ್ತಪ್ಪ ಹೆಂಡತಿಯ ಮುಖ ನೋಡಿದ, ಕಾಕಾನ ಮುಖ ನೋಡಿದ, ಊದುಬತ್ತಿ ಬಂತೇನೋ ನೋಡುತ್ತೇನೆಂದು ಹೊರಗೆ ಹೋದ.

ಕೊನೆಯ ಸ್ನಾನಕ್ಕೆ ಬಗಲು ಮನೆಯ ಸೋಮವ್ವ ಬಂದಳು. ಮರೆವ್ವನಿಗೂ ಅವಳಿಗೂ ನಳದ ಜಗಳ ಓಣಿಗೇ ಗೊತ್ತು. ಸುವರ್ಣಾ ಅತ್ತೆಯ ತಲೆಯ ಮೇಲೆ ಒಂದು ತುಂಬಿದ ಕೊಡ ಸುರಿದಳು, ಮತ್ತೊಂದು ಸುರಿದಳು. ಸೋಮವ್ವ ಬೆನ್ನು ತಿಕ್ಕುವುದನ್ನು ಬಿಟ್ಟು ಆ ಮುಖವನ್ನೇ ನೋಡುತ್ತ ಕೂತಳು.

"ಇಷ್ಟು ನೀರು ಸುರದರೂ ಎದ್ದು ಬೈಲಿಲ್ಲಂದ್ರ" ಎಂದಳು, "ಖರೇನ ಹೋಗ್ಯಾಳ ಬೇ."

ಆಮೇಲೆಯೇ ಅವಳಿಗೆ ಅಳು ಬಂತು.

*

ಮರೆವ್ವ ಅನಗವಾಡಿ ಕಡೆಯ ಹೊಳೆದಂಡೆಯ ಹುಡುಗಿ. ನೀರನ್ನು ಅಳೆದು ಬಳಸುವುದುಂಟು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಮದುವೆಯಾಗಿ ನೇಕಾರರ ಓಣಿಗೆ ಬಂದ ಸಂಜೆ ಕಾಲು ತೊಳೆಯಲು ತಂಬಿಗೆಯನ್ನು ಬಿಟ್ಟು ಪಕ್ಕದ ತುಂಬಿದ ಕೊಡವನ್ನೇ ಎತ್ತಿ ಪೂರಾ ಸುರಿದುಕೊಂಡಳು. ಅದನ್ನು ಕಂಡು ಓಣಿಯ ಮಗ್ಗಗಳೆಲ್ಲ ನಿಂತವು ಎನ್ನುವವರಿದ್ದಾರೆ. ಕರೆಂಟು ಹೋಗಿ ನಿಂತವು ಎನ್ನುವವರೂ ಇದ್ದಾರೆ.

ಮಾರನೆಯ ದಿನ ಅತ್ತೆ ಅದೇ ಕೊಡವನ್ನು ಸೊಸೆಯ ಬಗಲಿಗಿಟ್ಟು ನಳದ ಪಾಳಿಗೆ ಕಳಿಸಿದಳು. ಬಿಸಿಲು ನೆತ್ತಿಗೆ ಬಂದರೂ ಪಾಳಿ ಬರಲಿಲ್ಲ. ಮುಂದೆ ನಿಂತಿದ್ದ ಸೋಮವ್ವ, ಅವಳೂ ಆಗ ಹೊಸ ಸೊಸೆಯೇ, ತಿರುಗಿ ನೋಡಿ, ತವರಿಂದ ಹೊಳೆಯನ್ನು ಕಟ್ಟಿಕೊಂಡು ಬರಲಿಲ್ಲವೇನು ಎಂದು ಕೇಳಿದಳು. ಜಗಳ ಅಲ್ಲಿಂದ ಶುರುವಾಯಿತು.

ಅಂದಿನಿಂದ ಮರೆವ್ವನ ಮನೆಯಲ್ಲಿ ತಳವಿದ್ದ ಪಾತ್ರೆ ಖಾಲಿ ಇರಲಿಲ್ಲ. ಬಾಗಿಲಿಗೆ ಬಂದವರು ನೀರು ಕೇಳಿದರೆ ಮಜ್ಜಿಗೆ ಕೊಡುತ್ತಿದ್ದಳು. ಹಾಲು ದುಡ್ಡು ಕೊಟ್ಟರೆ ಸಿಗುತ್ತದೆ ಎಂಬುದು ಅವಳ ಲೆಕ್ಕ. ಬೀಗರು ಮಾತ್ರ ಅವಳನ್ನು ಬಹಳ ಧಾರಾಳಿ ಎಂದು ತಿಳಿದಿದ್ದರು.

ಮನೆಮನೆಗೆ ನಳ ಬಂದ ಮೇಲೆ ಓಣಿಯ ನಳ ಒಣಗಿತು. ಆದರೂ ಬೆಳಗಾದರೆ ಮರೆವ್ವ ಹೋಗಿ ಅದರ ಕಟ್ಟೆಯ ಮೇಲೆ ಕೂಡುವಳು. ಸೋಮವ್ವನೂ ಬರುವಳು. ಇಬ್ಬರ ಕೈಯಲ್ಲೂ ಕೊಡವಿಲ್ಲ. ಮುಂದಿನ ಪಾಳಿ ಯಾರದಾಗಿತ್ತು ಎಂದು ಊಟದ ಹೊತ್ತಿನವರೆಗೆ ಜಗಳಾಡಿ, ಒಬ್ಬರ ಕೈ ಒಬ್ಬರು ಹಿಡಿದು ಎದ್ದು ಮನೆಗೆ ಹೋಗುವರು.

*

ಹೆಣ ಎತ್ತುವ ಮೊದಲು ಮನೆ ಮುಂದಿನ ಕಟ್ಟೆಯ ಮೇಲಿದ್ದ ಗಂಡಸರಲ್ಲಿ ದೊಡ್ಡ ಚರ್ಚೆ ನಡೆಯಿತು. ತಾಮ್ರಕ್ಕೆ ಸೂತಕ ತಟ್ಟುವುದಿಲ್ಲ ಎಂದು ಒಬ್ಬ. ಪದ್ಧತಿ ಮಾಡಿದ ಕಾಲಕ್ಕೆ ಪ್ಲಾಸ್ಟಿಕ್ ಇರಲಿಲ್ಲ, ಅದಕ್ಕೆ ಬ್ಯಾರಲ್ಲು ಅದರೊಳಗೆ ಬರುವುದಿಲ್ಲ ಎಂದು ಇನ್ನೊಬ್ಬ. ಫ್ರಿಜ್ಜಿನ ಬಾಗಿಲು ಮುಚ್ಚೇ ಇತ್ತಲ್ಲ ಎಂದು ಮೂರನೆಯವನು. ಎಲ್ಲರ ಮನೆಯ ಕೊಡಗಳೂ ಬತ್ತಿದ್ದವು, ಆದ್ದರಿಂದ ಎಲ್ಲರಿಗೂ ಧರ್ಮದ ಮೇಲೆ ಬಹಳ ಆಸಕ್ತಿ ಬಂದಿತ್ತು. ಗಿರಿಮಲ್ಲಪ್ಪ ಕೇಳುವಷ್ಟು ಕೇಳಿ, ಸೂತಕ ಮುಚ್ಚಳ ನೋಡಿ ಬರುವುದಿಲ್ಲ ಎಂದು ಹೇಳಿ ವಾದ ಮುಗಿಸಿದರು.

ಎಲ್ಲರೂ ಮಣ್ಣಿಗೆ ಹೋದರು. ಸೋಮವ್ವನೂ ಮೆಲ್ಲಗೆ ಹಿಂದೆ ಹೋದಳು. ಸುವರ್ಣಾ ಒಬ್ಬಳೇ ಉಳಿದಳು.

ಹಿರಿಯರಿಲ್ಲದೆ ದೀಪ ಹಚ್ಚಲು ಮನಸ್ಸು ಬಾರದೆ ಅವಳು ಕೊಡಗಳನ್ನು ಒಂದೊಂದಾಗಿ ಹೊರಗೆ ತಂದಳು. ಬ್ಯಾರಲ್ಲುಗಳನ್ನು ಎತ್ತಲಾಗದೆ ಬಕೆಟ್ಟಿನಿಂದ ತೋಡಿ ತೋಡಿ ತಂದು ಸಿಕ್ಕ ತಪ್ಪಲೆ ಬೋಗುಣಿಗಳಿಗೆ ಹಾಕಿದಳು. ಗಟಾರದ ದಂಡೆಯುದ್ದಕ್ಕೂ ಪಾತ್ರೆಗಳ ಸಾಲು ನಿಂತಿತು. ಇನ್ನು ಬಗ್ಗಿಸಿದರೆ ಮುಗಿಯಿತು. ಮೊದಲನೆಯ ಕೊಡವನ್ನು ಓರೆ ಮಾಡಿದಳು, ಮತ್ತೆ ನೆಟ್ಟಗಿಟ್ಟಳು. ಎರಡನೆಯದನ್ನು ಹಿಡಿದಳು, ಅದನ್ನೂ ಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು ಸುಮ್ಮನೆ ಕೂತುಬಿಟ್ಟಳು.

ಅಷ್ಟರಲ್ಲಿ ಮಣ್ಣಿಗೆ ಹೋದವರು ತಿರುಗಿ ಬಂದರು. ಧೂಳು, ಬೆವರು, ಉಗುರಲ್ಲಿ ಮಣ್ಣು. ಮೈ ತೊಳೆಯದೆ ಯಾರೂ ಅವರವರ ಹೊಸ್ತಿಲು ದಾಟುವಂತಿರಲಿಲ್ಲ, ದಾಟಿದರೂ ಅಲ್ಲಿ ನೀರಿರಲಿಲ್ಲ. ಎಲ್ಲರೂ ಪಾತ್ರೆಗಳ ಸಾಲನ್ನು ನೋಡುತ್ತ ನಿಂತರು. ಗಿರಿಮಲ್ಲಪ್ಪ ಮುಂದೆ ಬಂದರು.

"ಇನ್ನೂ ಚೆಲ್ಲಿಲ್ಲೇನು?"

ಸುವರ್ಣಾ ಅವರ ಮಣ್ಣಾದ ಅಂಗಿ ನೋಡಿದಳು, ಕೈಯಲ್ಲಿದ್ದ ಕೊಡ ನೋಡಿದಳು.

"ಈಗ ಚೆಲ್ಲಾಕತ್ತೇನ್ರಿ ಮಾವಾರ. ಹಿಂಗ ಬರ್ರಿ ಸ್ವಲ್ಪ."

ಬಂದರು. ಅವಳು ಇಡೀ ಕೊಡವನ್ನು ಅವರ ತಲೆಯ ಮೇಲೆ ಚೆಲ್ಲಿದಳು. ಗಿರಿಮಲ್ಲಪ್ಪ ಬಾಯಿ ತೆರೆದರು. ಅವಳು ಎರಡನೆಯದನ್ನೂ ಚೆಲ್ಲಿದಳು.

ಅವರು ಕಣ್ಣಿನ ಚಾಳೀಸು ತೆಗೆದು, ಒರೆಸಲು ಒಣಗಿದ್ದು ಏನೂ ಸಿಗದೆ, ಮತ್ತೆ ಹಾಗೇ ಹಾಕಿಕೊಂಡರು. ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸೂತಕದ ನೀರು ಮೈಮೇಲೆ ಬಿತ್ತಲ್ಲ, ಹೇಗೆ ಎಂದು ಮುತ್ತಪ್ಪ ಹಿಂದಿನಿಂದ ಅಂಜುತ್ತ ಕೇಳಿದ.

ಬಿಸಿಲು ಉರಿಯುತ್ತಿತ್ತು, ಗಿರಿಮಲ್ಲಪ್ಪನವರ ಬೆನ್ನಮೇಲೆ ನೀರು ತಣ್ಣಗೆ ಇಳಿಯುತ್ತಿತ್ತು.

"ಮೈಗೂ ಸೂತಕನ ಐತಿ" ಎಂದರು. "ಚೆಲ್ಲು ಅಂದಿದ್ದೆ, ಚೆಲ್ಲ್ಯಾಳ. ಎಲ್ಲಿ ಅಂತ ಪದ್ಧತ್ಯಾಗ ಇಲ್ಲ." ಬೆನ್ನು ತಿರುಗಿಸಿ ನಿಂತು, "ಬೆನ್ನ ಮ್ಯಾಲ ಇನ್ನೊಂದಿಷ್ಟು ಚೆಲ್ಲವಾ" ಎಂದರು.

ಯಾರೂ ಹೇಳದೆ ಪಾಳಿ ಹತ್ತಿತು. ಕಟ್ಟೆಯ ಮೇಲೆ ವಾದ ಮಾಡಿದವರು, ಹೆಣ ಹೊತ್ತವರು, ಹೆಂಗಸರು, ಒಬ್ಬೊಬ್ಬರಾಗಿ ಬಂದು ತಲೆ ಬಗ್ಗಿಸಿದರು. ಇಬ್ಬರು ಎರಡನೆಯ ಸಲ ಪಾಳಿಯಲ್ಲಿ ನಿಂತದ್ದನ್ನು ಸೋಮವ್ವ ಹಿಡಿದು ಹೊರಗೆ ಎಳೆದಳು. ಗಿರಿಮಲ್ಲಪ್ಪ ಒದ್ದೆಯಾಗಿಯೇ ಒಳಗೆ ಹೋಗಿ ದೀಪ ನೋಡಿ ಕೈಮುಗಿದರು.

ಎಲ್ಲ ಮುಗಿದಾಗ ಸುವರ್ಣಾ ಒಬ್ಬಳೇ ಒಣ ಮೈಯಲ್ಲಿ ನಿಂತಿದ್ದಳು. ಪಾತ್ರೆಗಳೆಲ್ಲ ಬರಿದಾಗಿದ್ದವು. ಮುತ್ತಪ್ಪ ಕೊನೆಯ ಬ್ಯಾರಲ್ಲನ್ನು ಹೊರಗೆ ಉರುಳಿಸಿಕೊಂಡು ಬಂದು ತಲೆಕೆಳಗೆ ಮಾಡಿ ಹಿಡಿದ. ಸುವರ್ಣಾ ಕೆಳಗೆ ಹಿಡಿದ ತಂಬಿಗೆ ತುಂಬುವಷ್ಟು ಇಳಿಯಿತು.

ಸೋಮವ್ವ ಆ ತಂಬಿಗೆಯನ್ನು ಅವಳ ಕೈಯಿಂದ ಕಸಿದುಕೊಂಡಳು.

"ಕೂಡು. ಕಣ್ಣು ಮುಚ್ಚು."

ಸುವರ್ಣಾ ಕಲ್ಲಿನ ಮೇಲೆ ಕೂತಳು. ಸೋಮವ್ವ ನೂಲಿನ ಎಳೆಯಷ್ಟು ಸಣ್ಣಗೆ ನೀರು ಬಿಟ್ಟಳು. ನೆತ್ತಿಯಿಂದ ಹೆಗಲಿಗೆ ಇಳಿದದ್ದನ್ನು ಇನ್ನೊಂದು ಅಂಗೈಯಲ್ಲಿ ತಡೆದು, ಬೆನ್ನಿಗೆ ಸವರಿದಳು. ಬೆನ್ನಿಂದ ಇಳಿದದ್ದನ್ನು ತೋಳಿಗೆ ಸವರಿದಳು. ಓಣಿಯ ಜನ ತಮ್ಮ ಬಟ್ಟೆ ಮೈಮೇಲೇ ಒಣಗುವವರೆಗೆ ನಿಂತು ನೋಡಿದರು. ತಂಬಿಗೆಯಲ್ಲಿ ಇನ್ನೂ ನೀರಿತ್ತು.