ಪಾರೀಸ ಸರ್ ಬರೆಯದ ನೀರು

"ಇದರಾಗ ಹುಳ ಐತಿ, ಬ್ಯಾಡ," ಎಂದು ಜಿನಗೊಂಡ ಕಟ್ಟಿಗೆಯ ತುಂಡೊಂದನ್ನು ಮೆಲ್ಲಗೆ ಪಕ್ಕಕ್ಕಿಟ್ಟು ಇನ್ನೊಂದನ್ನು ನೆಲಕ್ಕೆ ಕುಟ್ಟಿ ನೋಡಿದರು. ಉದಗಾಂವದಿಂದ ಮುಂಜಾನೆಯೇ ಬಂದಿದ್ದ ಅವರಿಗೆ ಎರಡೇ ಚಿಂತೆ. ತೀರಿಹೋದ ತಮ್ಮ ಪಾರೀಸನ ಚಿತೆಯಲ್ಲಿ ಒಂದು ಹುಳವೂ ಸುಡಬಾರದು, ಹೊತ್ತು ಮುಳುಗುವುದರೊಳಗೆ ಎಲ್ಲ ಮುಗಿಯಬೇಕು. ಗಡಹಿಂಗ್ಲಜದ ಆ ಓಣಿಯಲ್ಲಿ ಕಟ್ಟಿಗೆ ಹೇರಿದ ಟ್ರ್ಯಾಕ್ಟರಿನ ಸುತ್ತ ನಿಂತವರು ಹನ್ನೊಂದು ಜನ. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದ ಪಾರೀಸ ಸರ್‌ಗೆ ಹನ್ನೊಂದೇ ಜನ. ಕಾಲೇಜಿನಿಂದ ಒಂದು ಹಾರ ಬಂದಿತ್ತು. ತಂದವನು ಅಂಗಳದಿಂದಲೇ ಕೊಟ್ಟು ಹೋಗಿದ್ದ.

ನೂತನ ಇಚಲಕರಂಜಿಯಿಂದ ಎರಡು ಬಸ್ಸು ಬದಲಿಸಿ ಬಂದವಳು ಎದುರುಮನೆಯ ಗೋಡೆಗೆ ಒತ್ತಿ ನಿಂತಿದ್ದಳು. ಅವಳೂ ಈಗ ಅಲ್ಲೊಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ, ಕಲಿತದ್ದು ಇದೇ ಸರ್ ಕೈಯಲ್ಲಿ. ಯಾರೂ ತನ್ನ ಗುರುತು ಹಿಡಿಯದಿದ್ದರೆ ಸಾಕೆಂದುಕೊಂಡಿದ್ದಳು. ಸರ್ ಮನೆಗೆ ಜನ ಬರುವುದು ನಿಂತದ್ದಕ್ಕೆ ಅರ್ಧ ಕಾರಣ ಅವಳೇ.

*

ಆಲ್ಕೈನ್ ವರ್ಗದ ಒಂದು ಬಿಳಿ ಹರಳಿಗೆ ಆಮ್ಲಜನಕ ಕೂಡಿಸಿದರೆ ಡೈಕೀಟೋನ್ ವರ್ಗದ ಹಳದಿ ಹರಳಾಗುತ್ತದೆ. ಔಷಧಿ ತಯಾರಿಸುವವರಿಗೆ ಬೇಕಾದ ವಸ್ತು. ಹಳೆಯ ವಿಧಾನದಲ್ಲಿ ವಿಷದ ಲೋಹಗಳು ಬೇಕು. ಕೆಲಸ ಮುಗಿದ ಮೇಲೆ ಅವು ಮೋರಿಗೆ, ಮೋರಿಯಿಂದ ಹಿರಣ್ಯಕೇಶಿ ಹೊಳೆಗೆ. ಇರುವೆ ಕಂಡರೆ ಕಾಲು ತಪ್ಪಿಸಿ ನಡೆಯುವ ಪಾರೀಸ ಸರ್‌ಗೆ ಇದು ಒಗ್ಗಲಿಲ್ಲ. ಒಂಬತ್ತು ವರ್ಷ ಒಬ್ಬರೇ ತಿಣುಕಿ, ನೀರು, ಪೆರಾಕ್ಸೈಡು, ಬಿಸಿಲು, ಇಷ್ಟರಲ್ಲೇ ಅದನ್ನು ಮಾಡಿದರು. ಲೋಹದ ಸೋಂಕೇ ಬೇಡ ಎಂದು ಬರೆದರು. ಲೇಖನ ದೊಡ್ಡ ಪತ್ರಿಕೆಯಲ್ಲಿ ಬಂತು, ಕಾಲೇಜಿನಲ್ಲಿ ಪೇಢೆ ಹಂಚಿದರು.

ನೂತನ ಅದೇ ವಿಷಯ ಹಿಡಿದು ಕೊಲ್ಹಾಪುರದಲ್ಲಿ ಪಿಎಚ್‌ಡಿಗೆ ಕೂತಳು. ಇಪ್ಪತ್ತಮೂರು ಸಲ ಮಾಡಿದಳು. ಬಿಳಿ ಹರಳು ಬಿಳಿಯಾಗಿಯೇ ಉಳಿಯಿತು. ಸೋತು ಗಡಹಿಂಗ್ಲಜಕ್ಕೆ ಬಂದರೆ, ಸರ್ ಅವಳೆದುರೇ ಒಂದು ಕ್ಯಾನಿನಿಂದ ನೀರು ಸುರಿದು ಮಾಡಿ ತೋರಿಸಿದರು. ಸಂಜೆಗೆ ಹರಳು ಹಳದಿ. ಲ್ಯಾಬಿನ ಕ್ಯಾನೆಂದರೆ ಬಟ್ಟಿಯಿಳಿಸಿದ ನೀರೇ ಎಂದುಕೊಂಡಳು, ಕೇಳಲಿಲ್ಲ. ಕೊಲ್ಹಾಪುರಕ್ಕೆ ಮರಳಿ ಮಾಡಿದರೆ ಮತ್ತೆ ಬಿಳಿ. ನಿಮ್ಮ ಸರ್ ಕೈಚಳಕದವರು ಬಿಡು, ಎಂದು ಗೈಡ್ ನಕ್ಕುಬಿಟ್ಟರು. ಅವಳು ಪ್ರಬಂಧದಲ್ಲಿ ಒಂದು ಸಾಲು ಬರೆದಳು: ಈ ಫಲಿತಾಂಶ ಮತ್ತೆ ದೊರೆಯಲಿಲ್ಲ. ಆ ಸಾಲನ್ನು ತೋರಿಸಿ, ಫಲಿತಾಂಶವೇ ಸುಳ್ಳೆಂದು ಯಾರೋ ಪತ್ರಿಕೆಗೆ ದೂರು ಕೊಟ್ಟರು. ಪತ್ರಿಕೆಯವರು ಲೇಖನವನ್ನೇ ಹಿಂತೆಗೆದುಕೊಂಡರು.

ಅಳುತ್ತ ಫೋನ್ ಮಾಡಿದ್ದಳು. "ನೀ ಕಂಡದ್ದ ಬರದಿ. ಅದ ಬರೋಬ್ಬರಿ," ಎಂದಿದ್ದರು ಸರ್. ಅದಾಗಿ ಆರು ವರ್ಷ. ಮತ್ತೆ ಅವಳು ಫೋನ್ ಮಾಡಲಿಲ್ಲ. ನಾಚಿಕೆಯಾಗುತ್ತಿತ್ತು.

*

ಗಂಡಸರು ಶವದ ಹಿಂದೆ ಹೋದ ಮೇಲೆ ಮನೆಯಲ್ಲಿ ಸರ್ ಹೆಂಡತಿ ಛಾಯಾ ಒಬ್ಬರೇ ಉಳಿದರು. ಅವರಿಗೆ ಮಕ್ಕಳಿರಲಿಲ್ಲ. ಸೂತಕದ ಮನೆಯಲ್ಲಿ ಆ ದಿನ ಒಲೆ ಹಚ್ಚುವಂತಿಲ್ಲವೆಂದು ಪಕ್ಕದ ಮಾಣಿಕಬಾಯಿ ಡಬ್ಬಿಯಲ್ಲಿ ಅನ್ನ ಸಾರು ಇಟ್ಟು ಹೋಗಿದ್ದಳು. ನೂತನ ಹೊಸ್ತಿಲಲ್ಲಿ ನಿಂತೇ ಇದ್ದಳು.

"ಆ ಸಾಲ ಬರದಾಕಿ ನೀನ ಅಲ್ಲ?" ಎಂದರು ಛಾಯಾ.

"ಹೌದ್ರಿ ಕಾಕೂ."

"ಒಳಗ ಬಾ. ಬಿಸಲಾಗ ಬಂದಿ, ಮೊದಲ ನೀರ ಕುಡಿ."

ಬೈಸಿಕೊಳ್ಳಲು ಸಿದ್ಧಳಾಗಿ ಬಂದವಳಿಗೆ ಇದು ಬೈಗುಳಕ್ಕಿಂತ ಕಷ್ಟವಾಯಿತು. ಲೋಟ ತೆಗೆದುಕೊಂಡು ಕುಡಿದಳು. ನೀರು ಒಂಥರಾ ಒಗರು, ನಾಲಿಗೆಯ ಮೇಲೆ ಹಳೆಯ ನಾಣ್ಯ ಇಟ್ಟ ಹಾಗೆ. ಅಡುಗೆಮನೆಯ ಕಟ್ಟೆಯ ಮೇಲೆ ದೊಡ್ಡದೊಂದು ತಾಮ್ರದ ಪಾತೇಲಿ ಇತ್ತು. ಛಾಯಾ ತಾವಾಗಿಯೇ ಹೇಳಿದರು: ದಿನಾ ಸಂಜೆ ನೀರು ಸೋಸಿ, ಕಾಯಿಸಿ, ರಾತ್ರಿಯೆಲ್ಲ ಅದರಲ್ಲೇ ಇಡುವುದು ಜೈನರಾದ ತಮ್ಮ ಮನೆಯ ರೂಢಿ. ಮುಂಜಾನೆ ಇವರು ಐದು ಲೀಟರಿನ ಕ್ಯಾನು ತುಂಬಿಕೊಂಡು ಕಾಲೇಜಿಗೆ ಹೋಗುತ್ತಿದ್ದರು.

"ಕುಡಿಯಾಕೇನ್ರಿ?"

"ಕುಡಿಯಾಕೂ, ಅವರ ಶೀಶೆದಾಗ ಹಾಕಾಕೂ. ಕಾಲೇಜಿನ ನೀರ ಸೋಸಿರೂದಿಲ್ಲ, ಅದನ್ನ ಕಾಯಿಸಿದ್ರ ಜೀವ ಸಾಯ್ತಾವು ಅಂತಿದ್ರು. ಆರು ವರ್ಷಾತು, ಆ ಕ್ಯಾನ್ ಮುಟ್ಟಿಲ್ಲ."

ನೂತನ ಲೋಟವನ್ನು ಪಾತೇಲಿಯ ಪಕ್ಕ ಇಟ್ಟಳು. ಅವತ್ತು ಅವಳೆದುರು ಸರ್ ಸುರಿದದ್ದು ಈ ನೀರನ್ನೇ. ಲೇಖನದಲ್ಲಿ ನೀರು ಎಂದಷ್ಟೇ ಇತ್ತು. ಹುಟ್ಟಿದಾಗಿನಿಂದ ಬೇರೆ ನೀರನ್ನು ಬಾಯಿಗೂ ಕೆಲಸಕ್ಕೂ ಮುಟ್ಟದ ಮನುಷ್ಯನಿಗೆ, ಇದು ಇಂಥ ನೀರು ಎಂದು ಬರೆಯಬೇಕೆಂದು ಹೊಳೆಯುವುದಾದರೂ ಹೇಗೆ? ಪಾತೇಲಿಯ ತಾಮ್ರ ಕಣ್ಣಿಗೆ ಕಾಣದಷ್ಟು ಬಿಟ್ಟಿದ್ದರೂ ಸಾಕು, ಹರಳು ಹಳದಿಯಾಗುತ್ತದೆ. ಲೋಹವೇ ಬೇಡ ಎಂದವರು ದಿನಾ ಲೋಹವನ್ನು ಕ್ಯಾನಿನಲ್ಲಿ ಹೊತ್ತು ನಡೆದಿದ್ದರು, ತಿಳಿಯದೆ.

ಇದನ್ನೆಲ್ಲ ಅವಳು ತೊದಲುತ್ತ ಹೇಳಿದಳು.

"ಹಂಗಾದ್ರ ಇವರು ಬರದದ್ದು ತಪ್ಪ ಹೌದಿಲ್ಲೊ?" ಎಂದರು ಛಾಯಾ.

"ತಪ್ಪ ಹೌದ್ರಿ. ಆದ್ರ ಸುಳ್ಳಲ್ಲ ಕಾಕೂ. ನಾ ಒಂದ ಮಾತ ಕೇಳಿದ್ರ ಅವತ್ತ ಗೊತ್ತಾಗ್ತಿತ್ತು."

ಛಾಯಾ ಅಷ್ಟು ಹೊತ್ತಿನಿಂದ ತಡೆದಿದ್ದ ಅಳು ಆಗ ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ನೂತನಳಿಗೆ ಅವರ ಹೆಗಲು ಮುಟ್ಟುವ ಧೈರ್ಯವಾಗಲಿಲ್ಲ.

"ತಪ್ಪ ಮಾಡಿದವರ ಮನೀಗೆ ಯಾರರೆ ಬರ್ತಾರವಾ, ತಪ್ಪ ಅಂತ ಹೇಳಾಕರೆ ಬರ್ತಾರ," ಎಂದರು ಛಾಯಾ ಕಣ್ಣೊರೆಸಿಕೊಂಡು. "ಸುಳ್ಳ ಹೇಳ್ಯಾನ ಅಂದ್ರ ಯಾರೂ ಬರೂದಿಲ್ಲ. ಇವರು ದಿನಾ ಆ ಕಟ್ಟಿ ಮ್ಯಾಲ ಕುಂತ ದಾರಿ ನೋಡ್ತಿದ್ರು."

ಮಾಡಿ ನೋಡದೆ ಬರೆಯಲು ಬರುವುದಿಲ್ಲ, ಈ ಸಲ ಗಟ್ಟಿ ಮಾಡಿಕೊಂಡೇ ಪತ್ರಿಕೆಗೆ ಬರೆಯುತ್ತೇನೆ, ಈ ನೀರು ಸ್ವಲ್ಪ ಕೊಡಿ ಎಂದು ನೂತನ ಕೇಳಿದಳು. ಛಾಯಾ ಪಾತೇಲಿಯೊಳಗೆ ಬಗ್ಗಿ ನೋಡಿದರು. ಅದು ನಿನ್ನೆ ಸಂಜೆ ಕಾಯಿಸಿದ್ದು. ಒಂದು ಹಗಲು ಒಂದು ರಾತ್ರಿ ದಾಟಿದರೆ ಆ ನೀರು ಈ ಮನೆಯಲ್ಲಿ ಬಳಕೆಗೆ ಬಾರದು. ಹೊರಗೆ ಬಿಸಿಲು ಎದುರುಮನೆಯ ಮಾಳಿಗೆಗೆ ಏರಿತ್ತು.

"ಇವತ್ತಿನ ರಾತ್ರಿ ಇಲ್ಲೇ ಇರ್ತೀ ಏನ? ಹೊಸಾ ನೀರ ಕಾಯಿಸಿ ಇಡೂಣು, ಮುಂಜಾನೆ ಒಯ್ಯಾಕ ಬರ್ತೈತಿ," ಎಂದು ಕೇಳಿದರು. ನೂತನ ತಲೆಯಾಡಿಸಿದಳು.

ಹೊತ್ತು ಮುಳುಗುವ ಮೊದಲು ಜಿನಗೊಂಡ ಮಸಣದಿಂದ ಮರಳಿದರು. ಹಿತ್ತಲಲ್ಲಿ ತಲೆಯ ಮೇಲೆ ನೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದು ಅಲ್ಲೇ ನಿಂತುಬಿಟ್ಟರು. ಒಳಗೆ ಸೂತಕದ ಮನೆಯ ಒಲೆ ಉರಿಯುತ್ತಿತ್ತು. ಅದರ ಮೇಲೆ ತಾಮ್ರದ ಪಾತೇಲಿ. ಹರೆಯದ ಹೆಂಗಸೊಬ್ಬಳು ಪಾತೇಲಿಯ ಬಾಯಿಗೆ ಅಡ್ಡವಾಗಿ ಬಿಳಿ ಅರಿವೆಯ ಎರಡು ತುದಿ ಹಿಡಿದು ನಿಂತಿದ್ದಳು. ತಮ್ಮನ ಹೆಂಡತಿ ಆ ಅರಿವೆಯ ಮೇಲೆ ಕೊಡ ಬಗ್ಗಿಸಿ, ಒಂದು ಹನಿಯೂ ಹೊರಗೆ ಬೀಳದ ಹಾಗೆ, ನೀರು ಸೋಸುತ್ತಿದ್ದರು.