ಗೂಟದ ಮೇಲಿನ ರುಮಾಲು

ನಮ್ಮ ಮನೆಯವರಿಗೆ ಚದುರಂಗ ಆಡಲು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಯಿ ನಡೆಸಲು ಬರುತ್ತಿತ್ತು, ಆಡಲು ಬರುತ್ತಿರಲಿಲ್ಲ. ಹಿರೇಬೆಂಡಿಗೇರಿಯಲ್ಲಿ ಅವರನ್ನು ಸೋಲಿಸುವವರಿರಲಿಲ್ಲ, ನಿಜ. ಆದರೆ ಊರಲ್ಲಿ ಆಡುವವರೇ ಮೂರು ಮಂದಿ, ಅವರಲ್ಲೊಬ್ಬರಿಗೆ ಕಣ್ಣು ಮಂಜು. ಅಷ್ಟಕ್ಕೇ ಇವರು ಮೀಸೆ ತಿರುವಿಕೊಂಡು ಓಡಾಡುತ್ತಿದ್ದರು.

ಸವಣೂರಿನ ಶೇಖಸಾಬರದು ಎಲೆ ವ್ಯಾಪಾರ. ವೀಳ್ಯದೆಲೆಯ ಪೆಂಡಿಗಳನ್ನು ಚಕ್ಕಡಿಗೆ ಹೇರಿಕೊಂಡು ಶಿಗ್ಗಾವಿ ಸಂತೆಗೆ ಹೋಗುವಾಗ ನಮ್ಮ ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತಿದ್ದರು. ಅವರ ಹೆಗಲಚೀಲದಲ್ಲಿ ಬಟ್ಟೆಯಲ್ಲಿ ಹೊಲಿದ ಚದುರಂಗದ ಹಾಸು, ಸವೆದು ನುಣುಪಾದ ಕಟ್ಟಿಗೆಯ ಕಾಯಿಗಳು ಯಾವಾಗಲೂ ಇರುತ್ತಿದ್ದವು. ನವಾಬರ ಊರಿನಲ್ಲಿ ದೊಡ್ಡ ದೊಡ್ಡ ಆಟಗಾರರ ಎದುರು ಕೂತು ಕಲಿತ ಮನುಷ್ಯ. ಮಾತು ಕಡಿಮೆ.

ಒಮ್ಮೆ ಶಿಗ್ಗಾವಿಯಲ್ಲಿ ನಮ್ಮವರ ಪೈಕಿ ಒಂದು ಮದುವೆ. ಊಟದ ಪಂಕ್ತಿ ಏಳುವ ತನಕ ಇವರು ಶೇಖಸಾಬರನ್ನು ಹಿಡಿದು ಕೂರಿಸಿದರು. ಸುತ್ತ ಜನ. ಶೇಖಸಾಬರು ಇವರ ರಾಜನನ್ನು ಮೂಲೆಗೆ ತಳ್ಳಿ, ಕಡೆಗೆ ಒಂದು ಪ್ಯಾದೆ ಸರಿಸಿ ಆಟ ಮುಗಿಸಿದರು. ಪ್ಯಾದೆ ಎಂದರೆ ಮುಂದಿನ ಸಾಲಿನ ಸಣ್ಣ ಕಾಯಿ. ವಜೀರನ ಕೈಯಲ್ಲೋ ಆನೆ, ಒಂಟೆಗಳ ಕೈಯಲ್ಲೋ ರಾಜ ಸಿಕ್ಕಿಬಿದ್ದರೆ ಅದು ಬರೀ ಸೋಲು. ಪ್ಯಾದೆಯ ಕೈಗೆ ಸಿಕ್ಕರೆ ಮಾನವೇ ಹೋದಂತೆ ಎಂದು ಆಡುವವರ ಲೆಕ್ಕ. ಇವರ ಚಿಕ್ಕಪ್ಪನ ಮಗ ಫಕ್ಕೀರಪ್ಪ, ಬಾಯಿಗೆ ಬೀಗ ಇಲ್ಲದವನು, "ಇನ್ನ ಆ ರುಮಾಲ ಬಿಚ್ಚಿ ಪ್ಯಾದೆಗೆ ಸುತ್ತೋ ಅಣ್ಣಾ" ಎಂದ. ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಇವರು ಎದ್ದು ನಿಂತವರೇ ತಲೆಯ ರುಮಾಲು ಬಿಚ್ಚಿಬಿಟ್ಟರು. ಶೇಖಸಾಬರ ರಾಜನನ್ನು ಕಟ್ಟಿಹಾಕಿ ಪ್ಯಾದೆಯಿಂದಲೇ ಮಾತ್ ಕೊಡುವ ತನಕ ತಲೆಗೆ ಬಟ್ಟೆ ಸುತ್ತುವುದಿಲ್ಲ ಎಂದು ಕೊರಳಿನ ಲಿಂಗ ಮುಟ್ಟಿ ಆಣೆ ಮಾಡಿದರು.

ನಮ್ಮ ಕಡೆ ಗಂಡಸು ಬರಿದಲೆಯಲ್ಲಿ ಬೀದಿಗೆ ಬಂದರೆ ಮನೆಯಲ್ಲಿ ಸಾವಾಗಿದೆ ಎಂದರ್ಥ. ಮರುದಿನವೇ ಕೆಳಗಿನ ಓಣಿಯ ಭರಮವ್ವ ಅಳುತ್ತಲೇ ಬಂದು ನಮ್ಮ ಹೊಸ್ತಿಲಲ್ಲಿ ಕೂತಳು, ಯಾರು ಹೋದರು ಎಂದು ಕೇಳಿದಳು. ಬುದ್ಧಿ ಹೋಗಿದೆ ಎಂದು ಹೇಳಬೇಕೆನ್ನಿಸಿತು. ಚಹಾ ಕೊಟ್ಟು ಕಳಿಸಿದೆ. ಮಠದ ಅಯ್ಯನವರು ತಾವೇ ಆಣೆ ಬಿಡಿಸಿಕೊಡುತ್ತೇನೆ ಎಂದರೂ ಇವರು ಕೇಳಲಿಲ್ಲ. ರುಮಾಲು ಪಡಸಾಲೆಯ ಗೂಟದ ಮೇಲೆ ಕೂತಿತು. ನಾನು ಅದರ ಧೂಳು ಕೊಡವುತ್ತ, ಇವರು ಸಂತೆಯಿಂದ ಸಂತೆಗೆ ಸೋಲುತ್ತ, ಎರಡು ವರ್ಷ ಕಳೆದವು.

ಸೋಲುವ ರೀತಿಯೂ ಒಂದೇ. ಮೊದಲ ನಡೆಯಿಂದಲೇ ಪ್ಯಾದೆಗಳನ್ನು ದಬದಬ ಮುಂದೆ ನೂಕುವುದು, ಹಿಂದೆ ವಜೀರ ಹೋದದ್ದು ಗೊತ್ತೇ ಆಗುವುದಿಲ್ಲ. ಒಲೆ ಹಚ್ಚುವ ಮೊದಲೇ ಹೋಳಿಗೆ ಬಡಿಸಲು ಹೊರಟಂತೆ.

ಸನ್ ಮೂವತ್ತೆಂಟರ ದಸರೆಯ ಸುಮಾರಿಗೆ ನಮ್ಮ ದೊಡ್ಡ ಮಗಳು ಸರೋಜಳಿಗೆ ಹಿರೇಕೆರೂರಿನಿಂದ ವರ ಬಂತು. ಶಂಕ್ರಪ್ಪನವರ ಮನೆತನ, ಹುಡುಗ ಸದ್ಗುಣಿ. ಸರೋಜ ಬಾಗಿಲ ಸಂದಿಯಿಂದ ನೋಡಿ ತಲೆ ತಗ್ಗಿಸಿದ್ದು ನನಗೆ ಸಾಕಾಗಿತ್ತು. ಎಲ್ಲ ಕುದುರಿದ ಮೇಲೆ ಶಂಕ್ರಪ್ಪನವರು ಇವರ ತಲೆ ನೋಡಿ ಒಂದೇ ಮಾತು ಹೇಳಿದರು: ಮದುವೆಯಲ್ಲಿ ಬೀಗರು ಬೀಗರಿಗೆ ರುಮಾಲು ಸುತ್ತಬೇಕಲ್ಲ. ಬರಿದಲೆಯವನ ಕೈಯಿಂದ ಹೆಣ್ಣು ತಂದರೆ ನನ್ನ ಮನೆಗೆ ಸೂತಕ ತಂದಂತೆ. ಬೇಸಿಗೆಗೆ ಮುಹೂರ್ತ, ಅಷ್ಟರೊಳಗೆ ನಿಮ್ಮ ಆಣೆ ತೀರದಿದ್ದರೆ ನಾವು ಬೇರೆ ಕಡೆ ನೋಡುತ್ತೇವೆ. ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ನನಗೆ ಸಿಟ್ಟು ಬಂದದ್ದು ನಮ್ಮ ಗೂಟದ ಮೇಲೆ.

ಮುಂದಿನ ಸಂತೆಗೆ ಶೇಖಸಾಬರು ಬಂದಾಗ ಇವರು ಹಿತ್ತಲಲ್ಲಿದ್ದರು. ನೀರಿನ ತಂಬಿಗೆಯನ್ನು ಅವರ ಮುಂದೆ ಕುಕ್ಕಿಯೇ ಇಟ್ಟೆ.

"ಅಣ್ಣಾರ, ನಿಮ್ಮ ಪ್ಯಾದೆ ನನ್ನ ಮಗಳ ಮದುವಿ ಅಕ್ಕಿಕಾಳಿಗೆ ಅಡ್ಡ ನಿಂತೈತಿ. ಇವರು ಎಂದ ಗೆಲ್ತಾರ, ಖರೇ ಹೇಳ್ರಿ."

ಅವರು ನೀರು ಕುಡಿಯಲಿಲ್ಲ. ಶಂಕ್ರಪ್ಪನವರು ಹೇಳಿದ್ದನ್ನೆಲ್ಲ ನನ್ನ ಬಾಯಿಂದ ಕೇಳಿಸಿಕೊಂಡರು.

"ಹಿಂಗ ಆಡಿದ್ರ ಎಂದೂ ಇಲ್ಲ, ತಂಗಿ" ಎಂದರು. "ಗೆಲ್ಲೂದು ಮರತು ಸಣ್ಣ ಸಣ್ಣದು ಕಲತ್ರ, ಹತ್ತ ವರ್ಷಕ್ಕ ಆದೀತು. ಸುಳ್ಳ ಯಾಕ ಹೇಳಲಿ."

ಹತ್ತು ವರ್ಷ. ಸರೋಜಳನ್ನು ಹತ್ತು ವರ್ಷ ಮನೆಯಲ್ಲಿ ಕೂರಿಸಲೇ? ಆ ದಿನ ನಾನು ಅವರನ್ನೂ ಅವರ ಆಟವನ್ನೂ ಮನಸ್ಸಿನಲ್ಲೇ ಬೈದಷ್ಟು ಯಾರನ್ನೂ ಬೈದಿಲ್ಲ. ಅವರ ಕಣ್ಣು ಮುಚ್ಚಲಿ ಎಂದೂ ಅಂದುಕೊಂಡೆ. ಆಗಲಾದರೂ ಆಣೆ ತೀರೀತು ಎಂಬ ಆಸೆ.

ಆದರೆ ಅಂದಿನಿಂದ ಶೇಖಸಾಬರು ಬೇರೆ ರೀತಿ ಕೂರತೊಡಗಿದರು. ಈ ತಿಂಗಳು ಗೆಲುವಿನ ಮಾತೇ ಬೇಡ, ಎರಡೂ ಕುದುರೆ ಕಳೆದುಕೊಳ್ಳದೆ ಆಟ ಮುಗಿಸಿರಿ, ಅಷ್ಟಾದರೆ ಸಾಕು ಎಂದರು. ಇವರಿಗೆ ಅವಮಾನವಾಯಿತು. ಪ್ಯಾದೆ ಮಾತ್ ಕೊಡುವವನಿಗೆ ಕುದುರೆ ಕಾಯುವ ಕೆಲಸವೇ ಎಂದು ನನ್ನ ಮುಂದೆ ಹಾರಾಡಿದರು. ನನಗೂ ನೆತ್ತಿಗೇರಿತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಿಮ್ಮವ್ವ ನನಗೆ ರೊಟ್ಟಿ ತಟ್ಟಲು ಕೊಟ್ಟರೇ, ಮೊದಲು ಹಿಟ್ಟು ನಾದಲು ಕೊಟ್ಟರೇ ಎಂದು ಕೇಳಿದೆ. ಮುಂದಿನ ಸಂತೆಗೆ ಇವರು ಕುದುರೆ ಕಾಯ್ದರು.

ಆಮೇಲೆ ವಜೀರನನ್ನು ಬೇಗ ಹೊರಗೆ ತರದಿರುವುದು. ಆಮೇಲೆ, ಎಲ್ಲಕ್ಕಿಂತ ಕಠಿಣವಾದದ್ದು: ಎದುರಿನವರು ಕಾಯಿ ಸರಿಸಿದ ಕೂಡಲೇ ಕೈ ಚಾಚದೆ, "ಇದನ್ನ ಯಾಕ ನಡೆಸಿದ್ರು?" ಎಂದು ಬಾಯಿಬಿಟ್ಟು ಕೇಳಿ, ತಾವೇ ಉತ್ತರ ಹುಡುಕುವುದು. ಸರಿಯಿದ್ದರೆ ಶೇಖಸಾಬರು ಗೋಣು ಹಾಕುತ್ತಿದ್ದರು, ತಪ್ಪಿದ್ದರೆ ತಿಳಿಸಿ ಹೇಳುತ್ತಿದ್ದರು. ಈ "ಯಾಕ" ಇವರಿಗೆ ಚಟವಾಗಿಬಿಟ್ಟಿತು. ನಾನು ಸಾರಿಗೆ ಉಪ್ಪು ಕಡಿಮೆ ಹಾಕಿದರೂ ಯಾಕ ಹಾಕಿದ್ದು ಎಂದು ಯೋಚಿಸುತ್ತ ಕೂರುತ್ತಿದ್ದರು. ನಮ್ಮ ಸಣ್ಣವಳು, ಹಾಲುಹಲ್ಲು ಬೀಳುತ್ತಿದ್ದ ಸುಶೀಲೆ, ಅಪ್ಪನನ್ನು ಅಣಕಿಸಿ ಬೆಕ್ಕಿಗೂ ಯಾಕ ಎನ್ನುತ್ತಿದ್ದಳು. ಇವರ ಆಟ ಸುಧಾರಿಸಿತು, ಅದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಾನೂ ಕಂಡೆ. ಮೊದಲು ಚಹಾ ಕುದಿಯುವಷ್ಟರಲ್ಲಿ ಮುಗಿಯುತ್ತಿದ್ದ ಆಟ ಈಗ ಊಟದ ಹೊತ್ತು ಮೀರುತ್ತಿತ್ತು. ಆದರೂ ಸೋಲೇ.

ಹೋಳಿ ಕಳೆಯಿತು. ಹಿರೇಕೆರೂರಿನಿಂದ ಮನುಷ್ಯ ಬಂದು, ಈ ವಾರ ಒಂದು ಮಾತು ತಿಳಿಸಿರಿ ಎಂದು ಹೇಳಿಹೋದ. ಸರೋಜ ಊಟ ಬಿಟ್ಟಳು. ಏನು ಕೇಳಿದರೂ ಹಸಿವಿಲ್ಲ ಎಂಬುದೊಂದೇ ಮಾತು.

ಆ ಸಂತೆಯ ದಿನ ಶೇಖಸಾಬರು ಬೆಳಿಗ್ಗೆಯೇ ಬಂದರು. ಕೆಲವು ತಿಂಗಳಿಂದ ಅವರಿಗೆ ಕೆಮ್ಮು, ಸೊರಗಿದ್ದರು. ಆಟ ಬಹಳ ಹೊತ್ತು ನಡೆಯಿತು. ಸಂತೆಗೆ ಹೋಗುವ ಮಂದಿಯೂ ಕಟ್ಟೆಯ ಬಳಿ ನಿಂತರು, ಫಕ್ಕೀರಪ್ಪನೂ ಅವರಲ್ಲಿದ್ದ. ಸರೋಜ ಮಜ್ಜಿಗೆಯ ತಂಬಿಗೆ ತಂದು ಇಬ್ಬರ ನಡುವೆ ಇಟ್ಟಳು. ಶೇಖಸಾಬರು ಅವಳ ಮುಖ ನೋಡಿದರು. ಆಮೇಲೆ ತಮ್ಮ ರಾಜನ ಪಕ್ಕದಲ್ಲಿದ್ದ ಆನೆಯನ್ನು ಎತ್ತಿ ದೂರದ ಮೂಲೆಗೆ ಇಟ್ಟರು.

ಇವರು ಚಟದಂತೆ ಕೇಳಿದರು, "ಇದನ್ನ ಯಾಕ ನಡೆಸಿದ್ರಿ?"

ಶೇಖಸಾಬರು ಗೋಣು ಹಾಕಲಿಲ್ಲ. ಹಾಸಿನ ಮೇಲಿಂದ ಕಣ್ಣೆತ್ತಲೂ ಇಲ್ಲ.

ಇವರು ಉತ್ತರ ಹುಡುಕಿದರು. ಸಿಕ್ಕಿತು. ಅದು ಸಿಕ್ಕ ಗಳಿಗೆ ಇವರ ಮುಖದಲ್ಲಿ ನನಗೆ ಕಂಡಿತು, ಮುಖ ಸುಟ್ಟ ಹಾಗಾಯಿತು. ಆನೆ ಎದ್ದುಹೋದ ಮೇಲೆ ಆ ರಾಜನ ಹತ್ತಿರ ಇವರ ಒಂದು ಪ್ಯಾದೆ ಇತ್ತು, ಒಂದು ಮನೆ ಸರಿಸಿದರೆ ಮುಗಿಯಿತು. ಆರು ತಿಂಗಳ ಹಿಂದಿನ ಆಟಗಾರನಾಗಿದ್ದರೆ ಕುಣಿದು ಕುಪ್ಪಳಿಸಿ ಸರಿಸುತ್ತಿದ್ದರು, ಜನ್ಮಪೂರ್ತಿ ಕೊಚ್ಚಿಕೊಳ್ಳುತ್ತಿದ್ದರು. ಈಗ ಭಿಕ್ಷೆಯನ್ನು ಭಿಕ್ಷೆ ಎಂದು ತಿಳಿಯುವಷ್ಟು ಕಲಿತಿದ್ದರು. ಕಲಿಸಿದವರೂ ಶೇಖಸಾಬರೇ.

ಇವರ ಕೈ ಮೊಣಕಾಲ ಮೇಲೇ ಇತ್ತು. ನಾನು ಬಾಗಿಲ ಚೌಕಟ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಸರಿಸ್ರಿ, ನಿಮ್ಮ ಮಾನ ಸುಡಲಿ, ಸರಿಸ್ರಿ ಎಂದು ಒಳಗೊಳಗೇ ಕೂಗುತ್ತಿದ್ದೆ. ಇವರು ಸರೋಜಳ ಕಡೆ ಒಮ್ಮೆ ನೋಡಿದರು. ಆಮೇಲೆ ಎರಡು ಬೆರಳಿನಿಂದ ಪ್ಯಾದೆಯನ್ನು ಮೆಲ್ಲಗೆ ಮುಂದೆ ನೂಕಿದರು. "ಮಾತ್" ಎಂದದ್ದು ಪಕ್ಕದವರಿಗೂ ಸರಿಯಾಗಿ ಕೇಳಿಸಲಿಲ್ಲ.

ಮಂದಿ ಕೂಗಾಡಿದರು. ಫಕ್ಕೀರಪ್ಪ ತಾನೇ ಓಡಿ ಗೂಟದ ಮೇಲಿನ ರುಮಾಲು ತಂದ. ಶೇಖಸಾಬರು ಎಲ್ಲರಿಗೂ ಕೇಳಿಸುವಂತೆ, ಇವತ್ತು ನನ್ನನ್ನು ಚೊಕ್ಕಟವಾಗಿ ಸೋಲಿಸಿದರು ಎಂದು ಹೇಳಿ ಚೀಲ ಹೆಗಲಿಗೇರಿಸಿದರು.

ಮದುವೆ ಚೆನ್ನಾಗಿಯೇ ಆಯಿತು. ಶಂಕ್ರಪ್ಪನವರು ಜರಿಯಂಚಿನ ರುಮಾಲು ತಂದು ಇವರ ತಲೆಗೆ ಸುತ್ತಿದರು. ಹಾನಗಲ್ಲಿನಿಂದ ಬಂದ ನೆಂಟರೂ ಪ್ಯಾದೆಯಿಂದ ಮಾತ್ ಕೊಟ್ಟ ಕಥೆ ಕೇಳುತ್ತಿದ್ದರು. ಇವರು ಎಲೆ ಅಡಿಕೆಯ ತಟ್ಟೆ ಮುಂದೆ ತಳ್ಳಿ ಮಾತು ಮರೆಸುತ್ತಿದ್ದರು. ಸರೋಜಳನ್ನು ಚಕ್ಕಡಿ ಹತ್ತಿಸುವಾಗ ಅವಳು ಅಪ್ಪನ ಕಾಲು ಮುಟ್ಟಿ ಅತ್ತಳು, ಇವರು ಅವಳ ತಲೆ ನೇವರಿಸಿದರು. ಚಕ್ಕಡಿ ಊರ ಅಗಸೆಬಾಗಿಲು ದಾಟಿತು. ಇವರು ಒಳಗೆ ಬಂದು ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದರು.

ಸೆಖೆಯಿರಬೇಕು ಎಂದುಕೊಂಡೆ. ಮರುದಿನ ಬರಿದಲೆಯಲ್ಲಿಯೇ ಹೊಲಕ್ಕೆ ಹೊರಟಾಗ ಅಡ್ಡ ನಿಂತೆ.

"ಆಣೆ ತೀರಿತಲ್ರಿ?"

"ಮಂದಿದು ತೀರಿತು" ಎಂದರು. "ನನ್ನದು ಹಂಗ ಐತಿ."

ಬೈಯಲು ಬಾಯಿ ತೆರೆದೆ. ಆ ಪ್ಯಾದೆ ನೂಕಿದ ಎರಡು ಬೆರಳು ನೆನಪಾದವು, ದಾರಿ ಬಿಟ್ಟೆ.

ಸಂತೆಯ ದಿನ ಶೇಖಸಾಬರ ಚಕ್ಕಡಿ ಬಂತು. ಕಟ್ಟೆಯ ಮೇಲೆ ಕೂತಿದ್ದ ಇವರ ತಲೆ ನೋಡಿ ಅವರು ಎತ್ತುಗಳ ಹಗ್ಗ ಜಗ್ಗಿ ನಿಲ್ಲಿಸಿದರು. ಕೆಮ್ಮು ಬಂತು, ಕೆಮ್ಮಿದರು. ಆಮೇಲೆ ಇಳಿದು, ಕಾಲಿನ ಜೋಡು ಬಿಟ್ಟು, ಹಾಸು ಬಿಡಿಸಿದರು.

"ಇವತ್ತ ಏನ ಕಾಯಲ್ರಿ?" ಎಂದು ಇವರು ಕೇಳಿದರು.

"ಎರಡೂ ಒಂಟಿ ಕಾಯ್ರಿ" ಎಂದರು ಶೇಖಸಾಬರು. "ಗೆಲ್ಲೂದು ಇನ್ನ ಭಾಳ ದೂರ ಐತಿ, ಪರಮೇಶ್ವರಪ್ಪಾರ."

ಅಂಗಳದಲ್ಲಿ ಸುಶೀಲೆ ಕುಂಟಾಟ ಆಡುತ್ತಿದ್ದಳು, ಮುಂದಿನ ಎರಡು ಹಲ್ಲಿಲ್ಲ. ಅವಳಿಗೂ ಒಂದು ದಿನ ವರ ಬರುತ್ತದೆ, ಅವನ ಅಪ್ಪನೂ ರುಮಾಲು ತರುತ್ತಾನೆ. ಹತ್ತು ವರ್ಷ ಎಂದಿದ್ದರಲ್ಲ ಶೇಖಸಾಬರು. ಅವತ್ತು ನನ್ನನ್ನು ಸುಟ್ಟ ಅದೇ ಮಾತನ್ನು ಈಗ ಕೂಡಿಸಿ ಕಳೆದು ನೋಡಿದೆ, ಸುಶೀಲೆಯ ಮದುವೆಯ ವಯಸ್ಸಿಗೆ ಸರಿಹೋಗುತ್ತದೆ. ಹೊರಗೆ ಅವರು ಮತ್ತೆ ಕೆಮ್ಮತೊಡಗಿದರು, ಈ ಸಲ ಬೇಗ ನಿಲ್ಲಲಿಲ್ಲ. ನಾನು ಕಷಾಯಕ್ಕೆ ನೀರಿಟ್ಟೆ. ಕೈಕಾಲು ತೊಳೆದು, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ಕಣ್ಣು ಮುಚ್ಚಲಿ ಎಂದು ನಾನು ಬೈದ ಆ ಮನುಷ್ಯನಿಗೆ ಹತ್ತು ವರ್ಷ ಆಯುಷ್ಯ ಕೊಡಪ್ಪಾ ಎಂದು ಬೇಡಿಕೊಂಡೆ.